ಮಲೆನಾಡಿನ ಕೊಂಕಣಿ ಮನೆತನಗಳ ಸ್ಮೃತಿಪರಂಪರೆ: ಒಂದು ವಿಮರ್ಶೆ

೧

ಕೆಳದಿ ಅರಸರ ನೆಲೆಗಳಲ್ಲಿ ಕೆಳದಿ ಮತ್ತು ಇಕ್ಕೇರಿಗಳು ಇಂದಿನ ಸಾಗರ ತಾಲ್ಲೂಕಿಗೂ, ಬಿದನೂರು ಹೊಸನಗರ ತಾಲ್ಲೂಕಿಗೂ, ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿಗೂ ಸೇರಿವೆ. ಈ ಮೂರು ತಾಲ್ಲೂಕುಗಳ ಚರಿತ್ರೆಯನ್ನು ಬರೆಯಹೊರಟವರು ಶಾಸನ, ಕಡತ, ಕೋಟೆ, ದೇವಾಲಯಗಳ ಕಡೆಗೆ ಮೊದಲು ದೃಷ್ಟಿ ಹಾಯಿಸುವುದು ಸಹಜ. ಅದು ಯುಕ್ತವೂ ಹೌದು. ಆದರೆ ಅರಸರ ಚರಿತ್ರೆಗೆ ಇಷ್ಟೊಂದು ಸಾಮಗ್ರಿಯುಳ್ಳ ಈ ನಾಡಿನಲ್ಲಿ, ಘಟ್ಟವೇರಿ ಬಂದು ನೆಲೆನಿಂತ ಸಾಮಾನ್ಯ ಮನೆತನಗಳ ಚರಿತ್ರೆಗೆ ಮುಖ್ಯವಾದ ಆಕರವೆಂದರೆ ಆ ಮನೆತನಗಳ ನೆನಪೇ. ಆ ನೆನಪನ್ನು ವಿದ್ವಾಂಸರು ಎರಡು ರೀತಿಯಲ್ಲಿ ನಡೆಸಿಕೊಂಡಿದ್ದಾರೆ. ಕೆಲವರು ಅದನ್ನು ಅಜ್ಜಿಯ ಕಥೆಯೆಂದು ತಳ್ಳಿಹಾಕುತ್ತಾರೆ. ಕೆಲವರು ಪರಿಶೀಲಿಸದೆ ಅಂಗೀಕರಿಸುತ್ತಾರೆ. ಈ ಎರಡು ಮಾರ್ಗಗಳೂ ಸಾಲವೆಂಬುದು ನಮ್ಮ ಅಭಿಪ್ರಾಯ. ಕೊಂಕಣಿಯನ್ನು ಮನೆಮಾತಾಗಿ ಉಳ್ಳ ಮನೆತನಗಳನ್ನು, ವಿಶೇಷವಾಗಿ ಕ್ರೈಸ್ತ ಮನೆತನಗಳನ್ನು, ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸಿದೆ.

೨

ಈ ಮನೆತನಗಳಲ್ಲಿ 'ನಿಮ್ಮ ಮೂಲ ಯಾವುದು?' ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಗೋವೆ. ಸಾಗರ, ಸೊರಬಗಳಲ್ಲಿ ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರಲ್ಲಿಯೂ, ಗೌಡಸಾರಸ್ವತರಲ್ಲಿಯೂ, ಕ್ರೈಸ್ತರಲ್ಲಿಯೂ ಇದೇ ಹೇಳಿಕೆಯಿದೆ. ಮತಗಳು ಬೇರೆಯಾದರೂ ಬಿಟ್ಟುಬಂದ ನಾಡು ಒಂದೇ ಎಂಬುದು ಗಮನಾರ್ಹವಾದ ಸಂಗತಿ.

ಈ ಹೇಳಿಕೆಗೆ ಚರಿತ್ರೆಯ ಆಧಾರವಿಲ್ಲದಿಲ್ಲ. ೧೫೧೦ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ೧೫೬೦ರಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಾಲಯ ಸ್ಥಾಪಿತವಾಗಿ, ನಡುವೆ ಕೆಲವು ವರ್ಷ ನಿಂತಿದ್ದರೂ, ೧೮೧೨ರವರೆಗೆ ಉಳಿಯಿತು. ೧೬೮೪ರಲ್ಲಿ ಹೊರಟ ಆಜ್ಞೆಯೊಂದು ಜನರು ಮೂರು ವರ್ಷಗಳೊಳಗಾಗಿ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಭಾಷೆಯನ್ನು ಬಳಸಬೇಕೆಂದು ವಿಧಿಸಿತು. ಆದರೆ ಗೋವೆಯನ್ನು ಬಿಡಲು ಇದೊಂದೇ ಕಾರಣವೆಂದು ಹೇಳುವುದು ಸರಿಯಾಗದು. ಬರ, ರೋಗ, ತೆರಿಗೆ, ೧೬೮೩ರಲ್ಲಿಯೂ ೧೭೩೯ರಲ್ಲಿಯೂ ನಡೆದ ಮರಾಠರ ದಂಡಯಾತ್ರೆಗಳು, ಇವೆಲ್ಲವೂ ಜನರನ್ನು ದಕ್ಷಿಣಕ್ಕೆ ನೂಕಿದವು. ಕನ್ನಡ ಕರಾವಳಿಯಲ್ಲಿ ಭೂಮಿಯಿತ್ತು. ಬತ್ತ ಬೆಳೆಯುವ ಕೈಗಳಿಗೆ ಕೆಲಸವಿತ್ತು. ಗೋವೆಯೇ ಈ ಕರಾವಳಿಯ ಅಕ್ಕಿಯನ್ನು ಅವಲಂಬಿಸಿತ್ತು. ೧೬೫೨–೫೪ರಲ್ಲಿ ಪೋರ್ಚುಗೀಸರ ಕರಾವಳಿ ಕೋಟೆಗಳನ್ನು ಗೆದ್ದುಕೊಂಡ ಶಿವಪ್ಪನಾಯಕನ ವಂಶಸ್ಥರೇ ಮುಂದಿನ ಒಪ್ಪಂದಗಳಲ್ಲಿ ಇಗರ್ಜಿಗಳಿಗೆ ಅವಕಾಶವಿತ್ತರು. ಹೀಗೆ ಹಲವು ಕಾರಣಗಳಿಂದ, ಹಲವು ತಲೆಮಾರುಗಳ ಕಾಲ ನಡೆದ ಚಲನೆಯನ್ನು ಮನೆಯ ನೆನಪು ಒಂದೇ ರಾತ್ರಿಯ ಪಲಾಯನವನ್ನಾಗಿ ಮಾಡಿ ಹೇಳುತ್ತದೆ. ಹೇಳುವವರು ಇದನ್ನು ಸುಳ್ಳೆಂದು ತಿಳಿದು ಹೇಳುವುದಿಲ್ಲ. ಬಾಯಿಂದ ಬಾಯಿಗೆ ಸಾಗುವ ಕಥೆ ಚಿಕ್ಕದಾಗದೆ ಉಳಿಯಲಾರದು.

೩

ನಮ್ಮ ಮುಖ್ಯ ಆಕ್ಷೇಪ ಇದಲ್ಲ, ಬೇರೊಂದು. ಗೋವೆಯಿಂದ ಕರಾವಳಿಗೆ ಬಂದುದು ಒಂದು ವಲಸೆ. ಕರಾವಳಿಯಿಂದ ಘಟ್ಟವೇರಿ ಸಾಗರಕ್ಕೋ ಹೊಸನಗರಕ್ಕೋ ತೀರ್ಥಹಳ್ಳಿಗೋ ಬಂದುದು ಇನ್ನೊಂದು. ಎಷ್ಟೋ ಮನೆತನಗಳ ಪಾಲಿಗೆ ಈ ಎರಡರ ನಡುವೆ ನೂರು ವರ್ಷಗಳಿಗೂ ಮಿಕ್ಕ ಅಂತರವಿದೆ. ಎರಡನೆಯ ವಲಸೆ ಹತ್ತಿರದ್ದು. ಕಲ್ಲು ಕಟ್ಟಲು, ಗಾರೆ ಹಾಕಲು, ಮರ ಕೊಯ್ಯಲು, ತೋಟದ ಕೆಲಸಕ್ಕೆ, ಅಂಗಡಿಗೆ, ಶಾಲೆಗೆ ಜನರು ಬಂದ ವಲಸೆ ಅದು. ಅದರಲ್ಲಿ ರಾಜಾಜ್ಞೆಯಿಲ್ಲ, ಧರ್ಮಸಂಕಟವಿಲ್ಲ; ಮುಂಗಡವಾಗಿ ಪಡೆದ ಹಣ, ಮಳೆಗಾಲದ ಜ್ವರ, ಬಾಡಿಗೆಯ ಬಿಡಾರಗಳಿವೆ. ಮನೆತನದ ನೆನಪು ಈ ಭಾಗವನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತದೆ. ದೂರದ ನೆನಪು ಹತ್ತಿರದ ನೆನಪನ್ನು ನುಂಗಿಹಾಕಿದೆ.

ಹೀಗಾಗಲು ಕಾರಣವೇನು? ಗೋವೆಯ ಕಥೆ ಮನೆತನಕ್ಕೆ ಘನತೆಯನ್ನು ಕೊಡುತ್ತದೆ. ಕೂಲಿಯ ಕಥೆ ಕೊಡುವುದಿಲ್ಲವೆಂಬ ಭಾವನೆಯಿದೆ. ಮತಾಂತರಕ್ಕೆ ಮೊದಲು ತಮ್ಮ ಹಿರಿಯರು ಯಾವ ಜಾತಿಯವರಾಗಿದ್ದರು ಎಂಬ ಮಾತು ಬಂದಾಗಲೂ ಉತ್ತರಗಳು ಮೇಲುಮುಖವಾಗಿಯೇ ಇರುತ್ತವೆ. ಇದು ಕೊಂಕಣಿಗರೊಬ್ಬರ ದೋಷವಲ್ಲ. ವಂಶಾವಳಿಯನ್ನು ಬರೆಯಿಸಿದ ಅರಸರೂ ಇದನ್ನೇ ಮಾಡಿದ್ದಾರೆ. ಆದರೆ ಅರಸರ ವಂಶಾವಳಿಯನ್ನು ಒರೆಹಚ್ಚಿ ನೋಡುವ ಚರಿತ್ರಕಾರನು ಮನೆತನದ ವಂಶಕಥೆಯ ಮುಂದೆ ಮಾತ್ರ ಮೌನ ತಾಳುವುದು ನ್ಯಾಯವಲ್ಲ.

ಹಾಗೆಂದ ಮಾತ್ರಕ್ಕೆ ನೆನಪು ನಿರುಪಯುಕ್ತವೆಂದು ತಿಳಿಯಬಾರದು. ಹೇಳುವ ನೆನಪಿಗಿಂತ ಆಚರಿಸುವ ನೆನಪು ಹೆಚ್ಚು ವಿಶ್ವಾಸಾರ್ಹ. ೧೭೩೬ರಲ್ಲಿ ಗೋವೆಯ ಮತವಿಚಾರಣೆಯ ನ್ಯಾಯಾಲಯ ಹೊರಡಿಸಿದ ನಿಷೇಧಪತ್ರವನ್ನು ನೋಡಬೇಕು. ಮದುವೆಯ ಮನೆಗಳಲ್ಲಿ 'ವೊವಿಯೊ' ಎಂಬ ಹಾಡುಗಳನ್ನು ಹಾಡುವುದು, ವಧೂವರರಿಗೆ ಅರಿಶಿನ, ತೆಂಗಿನ ಎಣ್ಣೆ ಮುಂತಾದುವನ್ನು ಪೂಸುವುದು ಮೊದಲಾದ ಎಷ್ಟೋ ಪದ್ಧತಿಗಳು ಅದರಲ್ಲಿ ನಿಷಿದ್ಧವಾಗಿವೆ. ಆದರೆ ಕನ್ನಡ ನಾಡಿನ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ತೆಂಗಿನ ಹಾಲನ್ನು ಪೂಸುವ 'ರೋಸ್' ಶಾಸ್ತ್ರವೂ ಅದರೊಡನೆ ವೊವಿಯೊ ಹಾಡುವ ವಾಡಿಕೆಯೂ ಉಳಿದುಬಂದಿವೆ. ಸೆಪ್ಟೆಂಬರ್ ೮ರಂದು ಹೊಸ ತೆನೆಯನ್ನು ಮನೆಗೆ ತರುವ ಹಬ್ಬವೂ ನಡೆಯುತ್ತದೆ. ನಿಷೇಧಪತ್ರವು ಏನನ್ನು ಅಳಿಸಬಯಸಿತ್ತೋ ಅದನ್ನು ಅಡುಗೆಮನೆ ಮತ್ತು ಚಪ್ಪರಗಳು ಉಳಿಸಿಕೊಂಡವು. ಇಲ್ಲಿ ಹೆಂಗಸರ ಸ್ಮೃತಿ ಗಂಡಸರ ವಂಶಕಥೆಗಿಂತ ಮೇಲಾದ ಆಕರವೆಂಬುದನ್ನು ಅಭ್ಯಾಸಿಗಳು ಮನಗಾಣಬೇಕು.

೪

ಹತ್ತಿರದ ವಲಸೆಯ ನೆನಪನ್ನು ಮನೆತನಗಳು ಕೈಬಿಟ್ಟಾಗ ಅದನ್ನು ಕಾಪಾಡಿದುದು ಕನ್ನಡದ ಕಾದಂಬರಿ. ಈ ವಿಷಯದಲ್ಲಿ ಇಬ್ಬರು ಲೇಖಕರನ್ನು ಹೋಲಿಸಿ ನೋಡುವುದು ಉಚಿತ.

ತೀರ್ಥಹಳ್ಳಿಯ ಸೀಮೆಯನ್ನು ಚಿತ್ರಿಸಿದ ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (೧೯೩೬) ಮತ್ತು 'ಮಲೆಗಳಲ್ಲಿ ಮದುಮಗಳು' (೧೯೬೭) ಕಾದಂಬರಿಗಳಲ್ಲಿ ಘಟ್ಟದ ಕೆಳಗಿನಿಂದ ಬಂದ ಆಳುಗಳೂ ಅವರನ್ನು ಕರೆತರುವ ಸೇರೆಗಾರರೂ ಜೀವಂತವಾಗಿ ಬಂದಿದ್ದಾರೆ. ಇವರು ಕೊಂಕಣಿಗರಲ್ಲ, ಆದರೂ ಘಟ್ಟವೇರಿದ ದುಡಿಮೆಯ ಕ್ರಮವನ್ನು ತಿಳಿಯಲು ಇದಕ್ಕಿಂತ ಸ್ಫುಟವಾದ ಚಿತ್ರ ನಮಗೆ ದೊರೆಯದು. ಆದರೆ ಈ ವಲಸೆಗಾರರನ್ನು ನಾವು ಬಹುಮಟ್ಟಿಗೆ ಒಡೆಯರ ಮನೆಯ ಜಗಲಿಯಿಂದ ನೋಡುತ್ತೇವೆ. ಅವರು ಅಂಗಳಕ್ಕೆ ಬರುತ್ತಾರೆ, ಲೆಕ್ಕ ಹೇಳುತ್ತಾರೆ, ಬಿಡಾರಕ್ಕೆ ಹಿಂದಿರುಗುತ್ತಾರೆ. ಬಿಡಾರದ ಒಳಗಿನ ಮಾತು ಕಡಮೆ. ಇದು ಮಹಾಕೃತಿಗಳ ನ್ಯೂನತೆಯೆನ್ನುವುದಕ್ಕಿಂತ ಅವು ಆರಿಸಿಕೊಂಡ ನೆಲೆಯ ಪರಿಣಾಮ.

ಸಾಗರದ ನಾ. ಡಿಸೋಜ (೧೯೩೭–೨೦೨೫) ಅವರ ನೆಲೆ ಬೇರೆ. ಅವರ ಮನೆಮಾತು ಕೊಂಕಣಿ, ಬರೆದುದು ಕನ್ನಡದಲ್ಲಿ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ಶರಾವತಿಯ ಕಣಿವೆಯಲ್ಲಿ ಕಟ್ಟುವ ಕೆಲಸವನ್ನೂ ಮುಳುಗುವ ಊರನ್ನೂ ಒಟ್ಟಿಗೇ ಕಂಡವರು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಗಿ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ನೀರಿನ ಪಾಲಾದವು. 'ಮುಳುಗಡೆ', 'ದ್ವೀಪ' ಕಾದಂಬರಿಗಳು ಈ ದುರಂತದಿಂದ ಹುಟ್ಟಿದವು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದ ಮೇಲೆ ಅವರ ಹೆಸರು ನಾಡಿನಾಚೆಗೂ ಹೋಯಿತು. ವಿಮರ್ಶಕರು ಅವರನ್ನು 'ಮುಳುಗಡೆಯ ಲೇಖಕ'ರೆಂದು ಕರೆದು ತೃಪ್ತರಾದರು. ಈ ಬಿರುದಿನಿಂದ ಒಂದು ಮುಖ್ಯ ಸಂಗತಿ ಮರೆಯಾಯಿತೆಂದು ನಮಗೆ ತೋರುತ್ತದೆ. ವಲಸೆ ಬಂದ ಸಮುದಾಯವೊಂದರ ಮಗನು ಮೊದಲು ಬರೆದುದು ತನ್ನವರ ಕಷ್ಟವನ್ನಲ್ಲ, ತಲೆತಲಾಂತರದಿಂದ ಅಲ್ಲಿಯೇ ಇದ್ದು ಎದ್ದುಹೋಗಬೇಕಾದವರ ಕಷ್ಟವನ್ನು. ಕಟ್ಟಲು ಬಂದವರ ನೆನಪೂ ಬಿಟ್ಟುಹೋದವರ ನೆನಪೂ ಒಂದೇ ನೀರಿನ ಎರಡು ದಡಗಳಲ್ಲಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ಈ ತಾಲ್ಲೂಕುಗಳ ಆಧುನಿಕ ಚರಿತ್ರೆ ಅರ್ಧವೇ ಆಗುತ್ತದೆ.

ತನ್ನವರ ಕಡೆಗೆ ಅವರು ವಿಸ್ತಾರವಾಗಿ ತಿರುಗಿದುದು ಬಹಳ ವರ್ಷಗಳ ಅನಂತರ, 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂಬ ಕಾದಂಬರಿಯಲ್ಲಿ. ಮಲೆನಾಡಿನ ಊರೊಂದಕ್ಕೆ ಘಟ್ಟದ ಕೆಳಗಿನಿಂದ ಕಟ್ಟಡದ ಕೆಲಸಕ್ಕೆ ಬಂದ ಕ್ರೈಸ್ತರು ನೆಲೆಯೂರಿ ಇಗರ್ಜಿಯೊಂದರ ಸುತ್ತ ಸಮಾಜವಾಗಿ ಕೂಡುವ ಬಗೆ ಅದರ ವಸ್ತು. ಇಲ್ಲಿ ವಲಸೆಗಾರನನ್ನು ಅವನ ಹೊಸಿಲಿನಿಂದಲೇ ನೋಡುತ್ತೇವೆ. ವಂಶಕಥೆ ಬಿಟ್ಟುಬಿಡುವ ಕೂಲಿ, ಗುತ್ತಿಗೆ, ನೆರೆಹೊರೆಯ ಜಗಳ, ಪಾದ್ರಿಯ ಅಧಿಕಾರ, ಅನ್ಯಮತೀಯರೊಡನೆ ಕೊಳುಕೊಡುಗೆ, ಇವೆಲ್ಲಕ್ಕೂ ಇಲ್ಲಿ ಸ್ಥಾನವಿದೆ. ಕೃತಿಯ ದೋಷವನ್ನೂ ಹೇಳಬೇಕು: ವಿವರಗಳು ಕೆಲವೆಡೆ ಕಥೆಗಿಂತ ಹೆಚ್ಚಾಗಿ ದಾಖಲೆಯ ರೂಪವನ್ನು ತಾಳುತ್ತವೆ. ಆದರೆ ಕಾವ್ಯರಸಿಕನಿಗೆ ದೋಷವಾದುದು ಚರಿತ್ರಕಾರನಿಗೆ ಲಾಭವೆಂಬುದನ್ನು ಒಪ್ಪಬೇಕು.

ಪರದೇಶದ ಒಂದು ನಿದರ್ಶನ ಈ ವಿಚಾರವನ್ನು ಸ್ಪಷ್ಟಪಡಿಸುತ್ತದೆ. ರಷ್ಯದ ಚಕ್ರವರ್ತಿಯ ಸರ್ಕಾರ ೧೮೬೪ರಿಂದ ೧೯೦೪ರವರೆಗೆ ಲಿಥುವೇನಿಯನ್ ಭಾಷೆಯನ್ನು ರೋಮನ್ ಲಿಪಿಯಲ್ಲಿ ಮುದ್ರಿಸುವುದನ್ನು ನಿಷೇಧಿಸಿತ್ತು. ಆಗ ಗಡಿಯಾಚೆ ಅಚ್ಚಾದ ಪುಸ್ತಕಗಳನ್ನು ಗುಟ್ಟಾಗಿ ಹೊತ್ತು ತಂದವರನ್ನು ಆ ಜನ ಇಂದಿಗೂ ಗೌರವದಿಂದ ಸ್ಮರಿಸುತ್ತಾರೆ. ಅದೇ ಜನರಲ್ಲಿ ಅನೇಕರು ಅಮೆರಿಕದ ಷಿಕಾಗೊ ನಗರದ ಕಸಾಯಿಖಾನೆಗಳಲ್ಲಿ ದುಡಿದರು. ಆ ದುಡಿಮೆಯನ್ನು ಲೋಕಪ್ರಸಿದ್ಧವಾಗಿಸಿದುದು ೧೯೦೬ರಲ್ಲಿ ಪುಸ್ತಕವಾಗಿ ಬಂದ ಅಪ್ಟನ್ ಸಿಂಕ್ಲೇರನ 'ದಿ ಜಂಗಲ್' ಎಂಬ ಕಾದಂಬರಿ, ಅವನು ಲಿಥುವೇನಿಯದವನಲ್ಲ. ಅಲ್ಲಿ ಪರಕೀಯನು ಬರೆದುದನ್ನು ಇಲ್ಲಿ ಸಮುದಾಯದೊಳಗಿನವನೇ ಬರೆದನು. ಈ ವ್ಯತ್ಯಾಸ ಅಲ್ಪವಾದುದಲ್ಲ. ಒಳಗಿನವನು ಬರೆದಾಗ ದುಡಿಮೆ ಕೇವಲ ಅನುಕಂಪದ ವಸ್ತುವಾಗದೆ ಮನೆತನದ ಸ್ವತ್ತಾಗುತ್ತದೆ.

೫

ಮೇಲಿನ ವಿವೇಚನೆಯಿಂದ ಮೂರು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಮೂಲಸ್ಥಾನದ ನೆನಪನ್ನು ವಂಶದ ಪುರಾವೆಯೆಂದಲ್ಲದೆ, ಸಮುದಾಯ ತನ್ನನ್ನು ಹೇಗೆ ಕಂಡುಕೊಂಡಿತೆಂಬುದರ ಸಾಕ್ಷ್ಯವೆಂದು ಓದಬೇಕು. ಎರಡನೆಯದಾಗಿ, ಹಾಡು, ಶಾಸ್ತ್ರ, ಅಡುಗೆ, ಮನೆಮಾತುಗಳನ್ನು ಹೇಳಿಕೆಗಿಂತ ಮೇಲಾದ ಆಕರಗಳೆಂದು ಎಣಿಸಬೇಕು. ಮೂರನೆಯದಾಗಿ, ಘಟ್ಟವೇರಿ ಬಂದ ಹತ್ತಿರದ ವಲಸೆಯೇ ನಮ್ಮ ಸಂಶೋಧನೆಯ ತುರ್ತು ವಿಷಯವಾಗಬೇಕು.

ತುರ್ತು ಎಂದುದಕ್ಕೆ ಕಾರಣವಿದೆ. ಜೋಗದ ವಿದ್ಯುದಾಗಾರ ಉದ್ಘಾಟನೆಯಾದುದು ೧೯೪೮ರಲ್ಲಿ. ಅದರ ಕೆಲಸಕ್ಕೆ ಬಂದವರನ್ನು ಕಣ್ಣಾರೆ ಕಂಡವರು ಇಂದು ಅತಿ ವೃದ್ಧರು. ಲಿಂಗನಮಕ್ಕಿಯಲ್ಲಿ ದುಡಿದವರೂ ವಿರಳವಾಗುತ್ತಿದ್ದಾರೆ. ಕೊಂಕಣಿಗೆ ೧೯೯೨ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ದೊರೆತರೂ ಮನೆಗಳಲ್ಲಿ ಮಕ್ಕಳ ಬಾಯಿಂದ ಅದು ಜಾರುತ್ತಿರುವುದನ್ನು ಎಲ್ಲರೂ ಬಲ್ಲರು. ಗೋವೆಯ ಕಥೆ ಗ್ರಂಥಗಳಲ್ಲಿದೆ, ಅದು ಅಳಿಯದು. ಅಜ್ಜನು ಯಾವ ಊರಿನಿಂದ, ಯಾರ ಕರೆಯ ಮೇಲೆ, ಎಷ್ಟು ಕೂಲಿಗೆ, ಯಾವ ಘಟ್ಟದ ದಾರಿಯಿಂದ ಬಂದನೆಂಬುದು ಯಾವ ಗ್ರಂಥದಲ್ಲಿಯೂ ಇಲ್ಲ.

ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದಲೇ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಸಂಗ್ರಹಿಸಿ, ಇಗರ್ಜಿಗಳ ಜ್ಞಾನಸ್ನಾನ ಮತ್ತು ವಿವಾಹಗಳ ದಾಖಲೆಪುಸ್ತಕಗಳೊಡನೆ, ಭೂಕಂದಾಯದ ಪತ್ರಗಳೊಡನೆ ತಾಳೆನೋಡಿದರೆ ಕೆಲವೇ ವರ್ಷಗಳಲ್ಲಿ ಗಣನೀಯವಾದ ಸಾಮಗ್ರಿ ಒದಗುವುದು. ಮುಳುಗಡೆಯಿಂದ ಎದ್ದುಹೋದ ಮನೆತನಗಳಲ್ಲಿಯೂ ಇದೇ ಪ್ರಶ್ನೆಗಳನ್ನು ದಿಕ್ಕು ಬದಲಿಸಿ ಕೇಳಬೇಕು. ಅಧ್ಯಾಪಕರು ಇದಕ್ಕೆ ಮಾರ್ಗದರ್ಶನ ಮಾಡಬೇಕೆಂದೂ, ಹೀಗೆ ದೊರೆತ ಸಾಮಗ್ರಿಯನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸಲು ಅವಕಾಶ ಕಲ್ಪಿಸಬೇಕೆಂದೂ ನಾವು ಸೂಚಿಸುತ್ತೇವೆ.