ತಡವಾಗಿ ಬಂದವನಲ್ಲ ಮೆಟ್ನರ್

ಜಯಚಾಮರಾಜೇಂದ್ರ ಒಡೆಯರ ಸಂಗೀತಪ್ರೇಮವನ್ನು ಕೊಂಡಾಡುವ ನಮ್ಮ ಲೇಖನಗಳಲ್ಲಿ ನಿಕೊಲಾಯ್ ಮೆಟ್ನರನಿಗೆ ಸಿಗುವುದು ಒಂದೆರಡು ಸಾಲು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಮುದುಕ, ಮಹಾರಾಜರು ಹಣ ಕೊಟ್ಟರು, ಎಚ್.ಎಂ.ವಿ. ರೆಕಾರ್ಡುಗಳು ಬಂದವು, ಆತ ಋಣ ತೀರಿಸಲು ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದ. ಕಥೆ ಅಲ್ಲಿಗೆ ಮುಗಿಯುತ್ತದೆ. ಕೊಟ್ಟವರ ಔದಾರ್ಯ ನಮಗೆ ಬೇಕು, ಪಡೆದವನ ಸಂಗೀತ ಬೇಡ. ಪಶ್ಚಿಮದ ವಿಮರ್ಶೆಯಾದರೋ ಆ ಸಂಗೀತದ ಬಗ್ಗೆ ಎಂದೋ ತೀರ್ಪು ಕೊಟ್ಟು ಕೈತೊಳೆದುಕೊಂಡಿದೆ: ಮೆಟ್ನರ್ ಎಂದರೆ ಮಟ್ಟುಗಳಿಲ್ಲದ ರಾಖ್ಮನಿನಾಫ್, ರಷ್ಯದ ಬ್ರಾಮ್ಸ್, ಹೊತ್ತು ಮೀರಿ ಹುಟ್ಟಿದವನು. ಈ ಮಾತನ್ನು ಇನ್ನೂ ಕಣ್ಣುಮುಚ್ಚಿ ದಾಟಿಸುತ್ತಿರುವವರನ್ನು ಕಂಡರೆ ನನಗೆ ಸಹಿಸುವುದಿಲ್ಲ. ಕಡೆಯ ಕಾಲದ ರೊಮ್ಯಾಂಟಿಕ್ ರಚನಕಾರರಲ್ಲಿ ಒಬ್ಬನನ್ನು ಆರಿಸಿಕೋ ಎಂದರೆ ನಾನು ಆರಿಸುವುದು ಮೆಟ್ನರನನ್ನೇ.

ಆ ಗುಂಪಿನ ಪ್ರತಿಯೊಬ್ಬನಿಗೂ ಇಪ್ಪತ್ತನೆಯ ಶತಮಾನದ ವಿಮರ್ಶಕರು ಒಂದೇ ಪರೀಕ್ಷೆ ಇಟ್ಟರು: ಇವನಿಂದ ಮುಂದೆ ಏನು ಹುಟ್ಟಿತು? ಮಾಹ್ಲರ್ ಪಾಸಾದ, ಏಕೆಂದರೆ ಅವನ ಹಿಂದೆ ಶೋನ್‌ಬರ್ಗ್ ಬಂದ. ಸ್ಕ್ರಿಯಾಬಿನ್ ತನ್ನ ವಿಚಿತ್ರ ಸ್ವರಗುಚ್ಛಗಳ ಬಲದಿಂದ ಪಾಸಾದ. ರಿಚರ್ಡ್ ಸ್ಟ್ರಾಸ್ 'ಎಲೆಕ್ಟ್ರಾ'ದವರೆಗೆ ಪಾಸು, ಆಮೇಲೆ ಫೇಲು. ಸಿಬೆಲಿಯಸ್‌ನನ್ನು 1955ರಲ್ಲಿ ರೆನೆ ಲೀಬೊವಿಟ್ಸ್ ಜಗತ್ತಿನ ಅತಿ ಕೆಟ್ಟ ರಚನಕಾರನೆಂದು ಕರೆದು ಕಿರುಹೊತ್ತಗೆಯನ್ನೇ ಅಚ್ಚು ಹಾಕಿಸಿದ. ರಾಖ್ಮನಿನಾಫ್‌ನ ಜನಪ್ರಿಯತೆ ಬಹಳ ಕಾಲ ಬಾಳುವುದಿಲ್ಲವೆಂದು 1954ರ ಗ್ರೋವ್ ಸಂಗೀತಕೋಶ ಭವಿಷ್ಯ ನುಡಿಯಿತು. ಕೇಳುಗರು ಈ ಇಬ್ಬರನ್ನೂ ಕೈಬಿಡಲಿಲ್ಲ. ವಿಮರ್ಶೆಯೇ ಕೊನೆಗೆ ದಾರಿ ಬಿಟ್ಟಿತು. ಮೆಟ್ನರನ ಬೆನ್ನಿಗೆ ಅಂಥ ಜನ ಇರಲಿಲ್ಲ. ಆದ್ದರಿಂದ ಅವನ ಮೇಲಿನ ತೀರ್ಪನ್ನು ಯಾರೂ ತಿದ್ದಲಿಲ್ಲ.

ಮಟ್ಟುಗಳಿಲ್ಲ ಎಂಬ ಆರೋಪವನ್ನೇ ಮೊದಲು ತೆಗೆದುಕೊಳ್ಳೋಣ. ಕ್ರಾಂತಿಯ ಬೆನ್ನಿಗೆ ಬಂದ ಕೊರತೆಯ ವರ್ಷಗಳಲ್ಲಿ, 1918ರಿಂದ 1920ರ ನಡುವೆ, ಮೆಟ್ನರ್ 'ಮರೆತ ಮಟ್ಟುಗಳು' ಎಂಬ ಪಿಯಾನೊ ಗುಚ್ಛಗಳನ್ನು ಬರೆದ. ಅವುಗಳಲ್ಲಿ ಮೊದಲನೆಯದು 'ಸೊನಾಟಾ ರೆಮಿನಿಸೆನ್ಜಾ'. ಎ ಮೈನರಿನಲ್ಲಿ, ಯಾವ ಒತ್ತೂ ಇಲ್ಲದೆ ತೂಗುವ ಒಂದು ಮಟ್ಟಿನಿಂದ ಅದು ಶುರುವಾಗುತ್ತದೆ. ಸೊನಾಟಾದ ನಡುವೆ ಅದು ಮತ್ತೆ ಬರುತ್ತದೆ, ಕೊನೆಯಲ್ಲಿ ಇನ್ನೊಮ್ಮೆ. ಈ ಕೊನೆಯ ಬರವನ್ನು ಗಮನಿಸಿ. ರಾಖ್ಮನಿನಾಫ್ ತನ್ನ ಎರಡನೆಯ ಕನ್ಚರ್ಟೊದ ಅಂತ್ಯದಲ್ಲಿ ಏನು ಮಾಡಿದ? ಹಿಂದೆ ಮೆಲ್ಲಗೆ ಹಾಡಿದ್ದ ಮಟ್ಟನ್ನು ಇಡೀ ವಾದ್ಯವೃಂದದ ಮೇಲೆ ಹೇರಿ ಮೊಳಗಿಸಿದ. ಸಭೆ ಎದ್ದು ನಿಲ್ಲುತ್ತದೆ, ನಿಜ. ಮೆಟ್ನರ್ ತನ್ನ ಮಟ್ಟನ್ನು ಮುಟ್ಟುವುದಿಲ್ಲ. ಹೊರಟಾಗ ಹೇಗಿತ್ತೋ ಹಾಗೆಯೇ ತಂದು ನಿಲ್ಲಿಸುತ್ತಾನೆ. ನಡುವಿನ ಕಳವಳವನ್ನೆಲ್ಲ ಹಾದುಬಂದ ಕಿವಿಗೆ ಅವೇ ಸ್ವರಗಳು ಈಗ ತಡೆಯಲಾರದಷ್ಟು ಭಾರವಾಗಿ ಕೇಳಿಸುತ್ತವೆ. ಎಮಿಲ್ ಗಿಲೆಲ್ಸ್ ನುಡಿಸಿದ್ದನ್ನು ಕೇಳಿದವರು ಈತನಲ್ಲಿ ಮಟ್ಟುಗಳಿಲ್ಲ ಎಂದು ಇನ್ನೊಮ್ಮೆ ಹೇಳಲಿ ನೋಡೋಣ.

'ರಾತ್ರಿಯ ಗಾಳಿ' ಎಂದು ಹೆಸರಾದ ಇ ಮೈನರ್ ಸೊನಾಟಾ ಇನ್ನೂ ದೊಡ್ಡ ಸಾಹಸ. 1911ರಲ್ಲಿ ಮುಗಿದ ಇದರ ನೆತ್ತಿಯ ಮೇಲೆ ತ್ಯೂಚೆವ್‌ನ ಕವಿತೆಯಿದೆ, ಅರ್ಪಣೆ ರಾಖ್ಮನಿನಾಫ್‌ಗೆ. ಅರ್ಧ ಗಂಟೆಗೂ ಮೀರಿದ ರಚನೆ, ತಡೆಯಿಲ್ಲದ ಒಂದೇ ಹರಿವು. ಬಹುಭಾಗ ಹದಿನೈದು ಎಣಿಕೆಯ ತಾಳದಲ್ಲಿ ಓಡುತ್ತದೆ. ಎಲ್ಲಿಯೂ ಕಾಲೂರಲು ಬಿಡುವುದಿಲ್ಲ. ಚಿಕ್ಕ ಚಿಕ್ಕ ಸ್ವರತುಣುಕುಗಳು ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ; ಮೊದಲು ಬೇರೆಬೇರೆಯಾಗಿ ಬಂದವು ಆಮೇಲೆ ಒಟ್ಟಿಗೆ, ಎರಡು ಕೈಗಳಲ್ಲಿ, ಒಂದೇ ಹೊತ್ತಿಗೆ ನುಡಿಯುತ್ತವೆ. ಇದು ಮೊದಲ ಕೇಳಿಕೆಗೆ ದಕ್ಕುವುದಿಲ್ಲ. ಉದ್ದವಾಯಿತು ಎನ್ನುವವರಿದ್ದಾರೆ. ಮಾಹ್ಲರನ ಉದ್ದ ನನಗೂ ಸಹಿಸಲಾಗದು. ಎಂಟನೆಯ ಸಿಂಫನಿಯಲ್ಲಿ ವೇದಿಕೆ ತುಂಬ ಗಾಯಕರನ್ನು ನಿಲ್ಲಿಸಿ ಅವನು ಹೇಳಿದ್ದನ್ನೇ ಹೇಳುತ್ತಾನೆ. ಮೆಟ್ನರನ ಉದ್ದದಲ್ಲಿ ಒಂದು ಸ್ವರವನ್ನೂ ಕಿತ್ತುಹಾಕಲು ನನಗೆ ಮನಸ್ಸಾಗುವುದಿಲ್ಲ. ಇದು ಪಕ್ಷಪಾತವೆಂದರೆ ಇರಲಿ. ಪಕ್ಷ ಹಿಡಿಯದವನಿಗೆ ಕಲೆಯ ಬಗ್ಗೆ ಬರೆಯುವ ಉಸಾಬರಿ ಏಕೆ?

ಮೆಟ್ನರನ ಹೆಗ್ಗಳಿಕೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ರಾಖ್ಮನಿನಾಫ್. ತನ್ನ ಕಾಲದ ಅತ್ಯಂತ ದೊಡ್ಡ ರಚನಕಾರ ಇವನೇ ಎಂದು ಅವನಿಗೆ ನೇರವಾಗಿ ಹೇಳಿದ, ತನ್ನ ನಾಲ್ಕನೆಯ ಕನ್ಚರ್ಟೊವನ್ನು ಅವನಿಗೆ ಅರ್ಪಿಸಿದ. 1935ರಲ್ಲಿ ಮೆಟ್ನರನ 'ಮ್ಯೂಸ್ ಮತ್ತು ಫ್ಯಾಷನ್' ಎಂಬ ಪುಸ್ತಕವನ್ನು ಪ್ಯಾರಿಸ್ಸಿನ ತನ್ನ ಪ್ರಕಾಶನದಿಂದ ಹೊರತಂದವನೂ ಅವನೇ. ಆ ಪುಸ್ತಕವೇ ಮೆಟ್ನರನಿಗೆ ಮುಳುವಾಯಿತು. ಸಂಗೀತಕ್ಕೆ ಮಾನವರು ಕಟ್ಟಿದ್ದಲ್ಲದ ಮೂಲ ನಿಯಮಗಳಿವೆ, ಹೊಸಬರು ಅವನ್ನು ಒಡೆಯುತ್ತಿದ್ದಾರೆ ಎಂಬ ಅದರ ವಾದ ಬಿರುಸಾದದ್ದು, ಹಲವೆಡೆ ಕುರುಡಾದದ್ದು. ವಿಮರ್ಶಕರು ಪುಸ್ತಕ ಓದಿ ಸಂಗೀತವನ್ನು ಅಳೆದರು. ಸೊನಾಟಾಗಳು ಹದಿನಾಲ್ಕಿವೆ, 'ಸ್ಕಾಸ್ಕಾ' ಎಂಬ ಕಥನರೂಪದ ಚಿಕ್ಕ ಪಿಯಾನೊ ರಚನೆಗಳು ಮೂವತ್ತೆಂಟು, ಹಾಡುಗಳು ನೂರಕ್ಕೂ ಮಿಕ್ಕು. ಅವನ್ನು ಕೇಳುವುದಕ್ಕಿಂತ ಒಂದು ಪುಸ್ತಕವನ್ನು ಬೈಯುವುದು ಸುಲಭವಾಗಿತ್ತು.

ಇಲ್ಲಿ ಮೈಸೂರಿನ ಮಾತಿಗೆ ಮರಳಬೇಕು. 1940ರ ದಶಕದಲ್ಲಿ ಮೆಟ್ನರನ ರೆಕಾರ್ಡುಗಳಿಗೆ ಹಣ ಒದಗಿಸಿದ ಮಹಾರಾಜರು ಅದೇ ದಶಕದಲ್ಲಿ ಏನು ಮಾಡುತ್ತಿದ್ದರು? 'ಶ್ರೀವಿದ್ಯಾ' ಅಂಕಿತದಲ್ಲಿ ಸಂಸ್ಕೃತ ಕೃತಿಗಳನ್ನು ರಚಿಸುತ್ತಿದ್ದರು. ತೊಂಬತ್ತನಾಲ್ಕು ಕೃತಿಗಳು, ಹಲವು ಅಪರೂಪದ ರಾಗಗಳಲ್ಲಿ. ಪಲ್ಲವಿ, ಅನುಪಲ್ಲವಿ, ಚರಣ. ಮುತ್ತುಸ್ವಾಮಿ ದೀಕ್ಷಿತರು ನೂರು ವರ್ಷಕ್ಕೂ ಹಿಂದೆ ನಡೆದ ಹಾದಿ. ಇವರು ತಡವಾಗಿ ಬಂದರು, ದೀಕ್ಷಿತರ ಕಾಲ ಮುಗಿದಿತ್ತು ಎಂದು ಮೈಸೂರಿನಲ್ಲಿ ಯಾವ ವಿದ್ವಾಂಸ ಹೇಳಿದ? ಅಂಥ ಪ್ರಶ್ನೆ ಯಾರ ತಲೆಗೂ ಹೊಳೆಯಲಿಲ್ಲ. ರಾಗಭಾವ ಮೂಡಿತೇ, ಸಾಹಿತ್ಯ ಕೂಡಿತೇ, ಎತ್ತುಗಡೆ ಗಟ್ಟಿಯಾಗಿದೆಯೇ ಎಂದಷ್ಟೇ ಕೇಳಿದರು. ಅಂಥ ಪರಂಪರೆಯಲ್ಲಿ ಬೆಳೆದ, ಪಿಯಾನೊವನ್ನೂ ಶಾಸ್ತ್ರೋಕ್ತವಾಗಿ ಕಲಿತ ಕಿವಿಗೆ ಮೆಟ್ನರ್ ಹಳಬನಾಗಿ ಕಾಣದೆ ಬಲ್ಲವನಾಗಿ ಕಂಡದ್ದು ಸಹಜ. ಮಹಾರಾಜರದು ದಾನವೆನ್ನುವುದನ್ನು ಬಿಡೋಣ, ಅದು ವಿಮರ್ಶೆ. ಲಂಡನ್ನಿನವರು ಮಾಡಲಾರದೆ ಹೋದ ವಿಮರ್ಶೆ. ಸ್ಟ್ರಾಸ್‌ನ 'ನಾಲ್ಕು ಕಡೆಯ ಹಾಡುಗಳು' 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದ ಕಚೇರಿಗೂ ಬೆಂಬಲವಾಗಿ ನಿಂತವರು ಅವರೇ. ಮೆಟ್ನರನಿಗೆ ಸ್ಟ್ರಾಸ್ ಹಿಡಿಸುತ್ತಿರಲಿಲ್ಲ. ಮಹಾರಾಜರಿಗೆ ಇಬ್ಬರೂ ಬೇಕಾಗಿದ್ದರು.

ಆ ಹಾಡುಗಳನ್ನು ಇಂದು ತಡವಾದವೆಂದು ಯಾರೂ ತಳ್ಳಿಹಾಕುವುದಿಲ್ಲ. 1948ರಲ್ಲಿ ಎಂಬತ್ತನಾಲ್ಕರ ಮುದುಕ ಬರೆದದ್ದು ಎಂದು ಗೊತ್ತಿದ್ದೂ ಜನ ಕಣ್ಣೊದ್ದೆ ಮಾಡಿಕೊಳ್ಳುತ್ತಾರೆ. ಸ್ಟ್ರಾಸ್‌ಗೆ ಸಿಕ್ಕ ಈ ವಿನಾಯಿತಿ ಮೆಟ್ನರನಿಗೆ ಏಕಿಲ್ಲ?

ಗಡಿಯಾರ ನೋಡಿಕೊಂಡು ಕಲೆಯನ್ನು ಅಳೆಯುವ ಚಾಳಿ ಪಶ್ಚಿಮದ್ದು ಮಾತ್ರ ಎಂದುಕೊಂಡು ನಾವು ಹೊರಗೆ ನಿಲ್ಲುವ ಹಾಗಿಲ್ಲ. 1954ರಲ್ಲಿ ಅಡಿಗರ 'ಚಂಡೆಮದ್ದಳೆ' ಬಂದ ಮೇಲೆ ಕನ್ನಡದಲ್ಲಿ ಒಂದು ತಲೆಮಾರು ನವೋದಯವನ್ನು ಮುಗಿದ ಅಧ್ಯಾಯವಾಗಿ ಓದತೊಡಗಿತು. ಅಡಿಗರು ದೊಡ್ಡ ಕವಿ. ತಪ್ಪು ಅವರದಲ್ಲ, ಅವರ ಹಿಂದೆ ಕೋಲು ಹಿಡಿದು ನಿಂತವರದು. 'ನಾಕುತಂತಿ' ಬಂದದ್ದು 1964ರಲ್ಲಿ, 'ಮಲೆಗಳಲ್ಲಿ ಮದುಮಗಳು' 1967ರಲ್ಲಿ. ಆ ಲೆಕ್ಕದ ಪ್ರಕಾರ ಎರಡೂ ಬರಬಾರದ ಹೊತ್ತಿಗೆ ಬಂದವು. ಸಂಗೀತದಲ್ಲಿ ನಾವು ಕಾಯ್ದುಕೊಂಡ ಔದಾರ್ಯವನ್ನು ಸಾಹಿತ್ಯದಲ್ಲಿ ಏಕೆ ಕಳೆದುಕೊಂಡೆವು? ಹೊಸತನವನ್ನು ಗುರುತಿಸಲು ಇಸವಿ ಸಾಕು, ಕಿವಿ ಬೇಕಿಲ್ಲ. ಸೋಮಾರಿ ವಿಮರ್ಶೆಗೆ ಅದಕ್ಕಿಂತ ಒಳ್ಳೆಯ ಆಸರೆ ಇಲ್ಲ. ಮೆಟ್ನರನನ್ನು ಕೊಂದದ್ದು ಇದೇ ಸೋಮಾರಿತನ.

ಇನ್ನೂ ಒಪ್ಪದವರು ಅವನ ಪಿಯಾನೊ ಕ್ವಿಂಟೆಟ್ ಕೇಳಬೇಕು. ಮಾಸ್ಕೋದಲ್ಲಿ, 1904ರ ಸುಮಾರಿಗೆ, ಇಪ್ಪತ್ತರ ಹರೆಯದಲ್ಲಿ ಅದನ್ನು ಕೈಗೆತ್ತಿಕೊಂಡ. ಮುಗಿಸಿದ್ದು ಲಂಡನ್ನಿನಲ್ಲಿ, 1940ರ ದಶಕದ ಕೊನೆಗೆ, 1951ರ ನವೆಂಬರಿನಲ್ಲಿ ಸಾಯುವ ಕೆಲವೇ ವರ್ಷ ಮುಂಚೆ. ನಡುವೆ ಎರಡು ಮಹಾಯುದ್ಧ, ಒಂದು ಕ್ರಾಂತಿ, ದೇಶಾಂತರ. ಸ್ಟ್ರಾವಿನ್ಸ್ಕಿ, ಶೋನ್‌ಬರ್ಗ್, ಬಾರ್ಟೋಕ್ ಎಲ್ಲರೂ ಬಂದುಹೋದರು. ಇಸವಿಯೇ ಮಾನದಂಡ ಎನ್ನುವವರು ಸ್ವರಲಿಪಿ ಪಕ್ಕಕ್ಕಿಟ್ಟು ಕುಳಿತು ಕೇಳಲಿ. ಯಾವ ಮಟ್ಟು ಯುವಕನದು, ಯಾವುದು ಮುದುಕನದು, ಯಾವುದು ಸಕಾಲಿಕ, ಯಾವುದು ತಡವಾದದ್ದು ಎಂದು ಬೆರಳಿಟ್ಟು ತೋರಿಸಲಿ.