ಬಡಿಯದ ಹುಣಸೆ ಮರ

ಫೆಬ್ರವರಿ ಕಳೆಯುವಷ್ಟರಲ್ಲಿ ಮಂಡ್ಯ ಸೀಮೆಯ ಹಿತ್ತಿಲುಗಳಲ್ಲಿ ಹುಣಸೆ ಬಡಿಯುವ ಸದ್ದು ಶುರುವಾಗುತ್ತದೆ. ಉದ್ದನೆಯ ಕೋಲು ಹಿಡಿದವರು ಮರ ಹತ್ತುತ್ತಾರೆ, ಹಣ್ಣು ದಪದಪನೆ ಉದುರುತ್ತದೆ, ಕೆಳಗೆ ಆಯುವವರ ಗಲಾಟೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮಾತ್ರ ಹಕ್ಕಿ ಕೂತ ಮರಗಳ ತಂಟೆಗೆ ಆ ಕಾಲದಲ್ಲಿ ಯಾರೂ ಹೋಗುವುದಿಲ್ಲ. ಹುಣಸೆ ಹಣ್ಣಾಗುವ ತಿಂಗಳುಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಮರಿ ಸಾಕುತ್ತಿರುತ್ತವೆ. ಕೊಂಬೆಗೆ ಏಟು ಬಿದ್ದರೆ ಗೂಡು ಉಳಿಯದು. ಹೀಗಾಗಿ ಫಸಲನ್ನು ಮರದಲ್ಲೇ ಬಿಡುತ್ತಾರೆ. ಕೈಗೆ ಸಿಕ್ಕ ಅಷ್ಟಿಷ್ಟು ಹಣ್ಣಿನ ಮೇಲೂ ಹಿಕ್ಕೆ ಮೆತ್ತಿರುತ್ತದೆ.

ಕಾಡುಹಕ್ಕಿಯ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಬಡಿಯದ ಹುಣಸೆ ಮರ. ಹಕ್ಕಿ ಕೀಟ ತಿನ್ನುತ್ತದೆ, ಬೀಜ ಹರಡುತ್ತದೆ, ಪ್ರವಾಸಿಗರನ್ನು ಕರೆತರುತ್ತದೆ ಎಂಬ ಲೆಕ್ಕಗಳೆಲ್ಲ ನಿಜವೇ. ಆದರೆ ಅವೆಲ್ಲ ಹಕ್ಕಿಯಿಂದ ನಮಗೆ ಬರುವುದರ ಲೆಕ್ಕ. ಹಕ್ಕಿಗಾಗಿ ಒಂದು ಮನೆ ಏನನ್ನು ಬಿಟ್ಟುಕೊಡುತ್ತದೆ ಎಂಬ ಲೆಕ್ಕವನ್ನು ಬರೆದಿಟ್ಟವರು ಕಡಿಮೆ.

ಹೆಜ್ಜಾರ್ಲೆಯನ್ನು ದೂರದಿಂದ ನೋಡಿದವರಿಗೆ ಅದು ಮಾಸಲು ಬಿಳಿ ಬಣ್ಣದ ದೊಡ್ಡ ಹಕ್ಕಿ, ಅಷ್ಟೇ. ಹತ್ತಿರದಿಂದ ನೋಡಬೇಕು. ಮೇಲ್ಕೊಕ್ಕಿನ ಅಂಚಿನುದ್ದಕ್ಕೂ ಸಾಲಾಗಿ ಕಪ್ಪುನೀಲಿ ಚುಕ್ಕೆಗಳು, ಕೆಳಗೆ ಜೋಲುವ ಚೀಲ, ಕತ್ತಿನ ಹಿಂದೆ ಗುಂಗುರು ಗರಿಗಳು. ತೂಕ 4ರಿಂದ 6 ಕಿಲೋ, ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 7-8 ಅಡಿ. ಪೆಲಿಕನ್ ಜಾತಿಗಳಲ್ಲಿ ಹೆಚ್ಚಿನವು ನೆಲದ ಮೇಲೆ ಗೂಡು ಮಾಡಿದರೆ ನಮ್ಮ ಹೆಜ್ಜಾರ್ಲೆಗೆ ಮರವೇ ಬೇಕು. ಇಷ್ಟು ಭಾರದ ಹಕ್ಕಿ ತೆಳ್ಳನೆಯ ಹುಣಸೆ ಕೊಂಬೆಯ ಮೇಲೆ ಬಂದಿಳಿಯುವ ಪರಿಯನ್ನು ನೋಡಿಯೇ ತಿಳಿಯಬೇಕು. ಕಾಲು ಮುಂದೆ ಚಾಚಿ, ರೆಕ್ಕೆಯನ್ನು ಹಿಂದಕ್ಕೆ ಒತ್ತಿ, ಕೊನೆಯ ಗಳಿಗೆಯಲ್ಲಿ ವೇಗ ತಗ್ಗಿಸಿಕೊಳ್ಳುತ್ತದೆ. ಕೊಂಬೆ ಬಾಗಿ ಮತ್ತೆ ಮೇಲೇಳುವಷ್ಟರಲ್ಲಿ ಮರಿ ಅಪ್ಪನದೋ ಅಮ್ಮನದೋ ಗಂಟಲಿನೊಳಕ್ಕೆ ತಲೆ ತೂರಿಸಿ ಮೀನು ಕೀಳುತ್ತಿರುತ್ತದೆ. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು ಹಳದಿ ಕೊಕ್ಕನ್ನು ಪಟಪಟನೆ ಬಡಿಯುತ್ತವೆ, ಬೆನ್ನ ಹಿಂದಿನ ಗುಲಾಬಿ ಗರಿ ಬೆಳಗಿನ ಬಿಸಿಲಿಗೆ ಹೊಳೆಯುತ್ತದೆ. ನೆಲ ಕಾದು ಬಿಸಿಗಾಳಿ ಮೇಲೇಳುವ ಹೊತ್ತಿಗೆ ಹೆಜ್ಜಾರ್ಲೆಗಳು ಊರ ಮೇಲೆ ಸುತ್ತು ಹಾಕುತ್ತ, ರೆಕ್ಕೆ ಬಡಿಯದೆ ಎತ್ತರಕ್ಕೇರಿ, ಕೆರೆಗಳ ದಿಕ್ಕಿಗೆ ಜಾರುತ್ತವೆ. ಹಕ್ಕಿ ನೋಡುವ ಹವ್ಯಾಸ ಇಟ್ಟುಕೊಂಡವರು ಈ ದೃಶ್ಯವನ್ನು ತಪ್ಪಿಸಿಕೊಳ್ಳಬಾರದು.

ಇದೆಲ್ಲ ನಡೆಯುವುದು ಕಾಡಿನಲ್ಲಲ್ಲ, ಬೀದಿಯ ಪಕ್ಕದಲ್ಲಿ, ದನ ಕಟ್ಟುವ ಕೊಟ್ಟಿಗೆಯ ನೆತ್ತಿಯ ಮೇಲೆ. ಟಿ.ಸಿ. ಜೆರ್ಡನ್ 1864ರಲ್ಲಿ ಬಂದ ತನ್ನ ಪಕ್ಷಿಗ್ರಂಥದ ಸಂಪುಟದಲ್ಲಿ, ಊರಿನ ನಡುವಿನ ಮರಗಳಲ್ಲೇ ಜನರ ಓಡಾಟಕ್ಕೆ ಅಂಜದೆ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು ಕರ್ನಾಟಿಕ್ ಸೀಮೆಯಲ್ಲಿ ಕಂಡದ್ದಾಗಿ ಬರೆದಿದ್ದಾನೆ. ಊರಿನ ಹೆಸರು ಹೇಳಿಲ್ಲ. ಅದು ಬೆಳ್ಳೂರೇ ಇರಬಹುದೆಂದು ಊಹಿಸುವವರಿದ್ದಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿಗೆ ಬಂದು ನೋಡಿ ಹೊರಜಗತ್ತಿಗೆ ತಿಳಿಸಿದರು. ಹಕ್ಕಿ ಕೂರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬೆಳೆದದ್ದು ಆ ಮೇಲೆ. ನೇಗಿನಹಾಳರ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಇದನ್ನೇ. ಬೇಲಿ ಹಾಕಿ ಜನರನ್ನು ಹೊರಗಿಡುವ ದಾರಿ ಹಿಡಿಯದೆ, ಮರದ ಒಡೆಯನಿಗಾಗುವ ನಷ್ಟದ ಕಡೆ ಕಣ್ಣು ಹಾಯಿಸಿದರು.

ಅದಕ್ಕೂ ಮುಂಚೆ ಹಕ್ಕಿಯನ್ನು ಕಾದವರು ಊರಿನವರೇ. ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಿದ್ದಂತೆ ಎಂದು ಅಲ್ಲಿನವರು ಹೇಳುತ್ತಾರೆ. ಗೂಡಿನ ಕೆಳಗೆ ಕೆರೆಗೋಡು ಹರಡಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕುವುದು ಹಳೆಯ ಪದ್ಧತಿ. ಸಾರಜನಕ, ರಂಜಕ ಎರಡೂ ಹೇರಳವಾಗಿರುವ ಗೊಬ್ಬರ ಅದು. ಆದರೂ ಗೊಬ್ಬರದ ಆಸೆಗೆ ಯಾರೂ ತಿಂಗಳುಗಟ್ಟಲೆ ಹಸಿ ಮೀನಿನ ನಾತ ಸಹಿಸುವುದಿಲ್ಲ ಎಂಬುದು ನನ್ನ ನಂಬಿಕೆ. ಬಿಸಿಲೇರಿದ ಮಾರ್ಚ್ ಮಧ್ಯಾಹ್ನ ಆ ಮರಗಳ ಕೆಳಗೆ ನಿಂತವರು ಇದನ್ನು ಒಪ್ಪುತ್ತಾರೆ.

ಗಾಳಿಗೋ ಒಡಹುಟ್ಟಿದ ಮರಿಗಳ ನೂಕುನುಗ್ಗಲಿಗೋ ಸಿಕ್ಕಿ ಗೂಡಿನಿಂದ ಬಿದ್ದ ಮರಿಯನ್ನು ತಾಯಿ ಮತ್ತೆ ಕೇಳುವುದಿಲ್ಲ. ಹಿಂದೆಲ್ಲ ಅದು ನಾಯಿಯ ಪಾಲು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡದ ಕೆ. ಮನು ಮತ್ತು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಇಂಥ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸ ಹಿಡಿದರು. ಹೆಜ್ಜಾರ್ಲೆ ಮರಿಯ ಹಸಿವೆಂದರೆ ಸಣ್ಣದಲ್ಲ. ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು, ಆ ಮೇಲೆ ಮೂರು ತಿಂಗಳಿಗೂ ಮಿಕ್ಕಿ ಗೂಡಿನ ವಾಸ. ಅಷ್ಟು ದಿನವೂ ಮೀನು ಹೊಂದಿಸುವ ತಾಳ್ಮೆ ಬೇಕು.

2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕಾನೂನಿನ ಪ್ರಕಾರ ಇಂಥಲ್ಲಿ ಜಮೀನು ಜನರದ್ದಾಗಿಯೇ ಉಳಿಯುತ್ತದೆ, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಹೆಸರಿಸಿದ ಕನಿಷ್ಠ ಐವರಿಗೆ ಅರಣ್ಯ ಇಲಾಖೆಯವರು ಒಬ್ಬರು. ಈ ಊರಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ನನಗೆ ತೋಚುವುದಿಲ್ಲ.

ಹಾಗೆಂದು ಹಕ್ಕಿಗಳ ದೊಡ್ಡ ಸಂಖ್ಯೆಯನ್ನು ನಂಬಿ ಸುಮ್ಮನಿರುವಂತಿಲ್ಲ. ಬರ್ಮಾದ ಸಿತ್ತಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಪಕ್ಷಿತಜ್ಞ ಯೂಜೀನ್ ಓಟ್ಸ್ ಕಂಡ ಹೆಜ್ಜಾರ್ಲೆಗಳ ಸಂತಾನನೆಲೆ ಎಣಿಕೆಗೆ ಸಿಗದಷ್ಟು ವಿಶಾಲವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧ ಮುಗಿಯುವುದರೊಳಗೆ ಅದು ಹೇಳಹೆಸರಿಲ್ಲದಂತಾಯಿತು. ಆಂಧ್ರದ ಕೊಲ್ಲೇರು ಸರೋವರದ ಸೀಮೆಯ ಆರೇಡಿನಲ್ಲಿ 1946ರಲ್ಲಿ ಪಕ್ಷಿತಜ್ಞ ಕೆ.ಕೆ. ನೀಲಕಂಠನ್ ಗುರುತಿಸಿದ ಸಾವಿರಾರು ಗೂಡುಗಳ ನೆಲೆಯೂ ಮುಂದೆ ಬರಿದಾಯಿತು.

ಬೆಳ್ಳೂರಿನಲ್ಲಿ ನನ್ನ ಆತಂಕವಿರುವುದು ನೀರಿನ ಬಗ್ಗೆ. ಊರಿನವರು ಮರ ಕಾಯಬಲ್ಲರು, ಮೀನು ಬರುವ ಶಿಂಷಾ ಹೊಳೆಯನ್ನೂ ಸುತ್ತಲಿನ ಕೆರೆಗಳನ್ನೂ ಅವರಷ್ಟೇ ಕಾಯಲಾರರು. 2017ರ ಕೊನೆಯಿಂದ ಮರುವರ್ಷದ ಮೊದಲ ತಿಂಗಳುಗಳವರೆಗೆ ಹತ್ತಾರು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆಯೊಳಗೆ ದುಂಡುಹುಳುಗಳು ಸಿಕ್ಕವು. ಇಂಥ ಹುಳು ಹಕ್ಕಿಯೊಳಗೆ ಸೇರುವುದು ಮೀನಿನ ಮೂಲಕ. ಕೆರೆಗೆ ಕೊಳಚೆ ಬಿಡುವ ಊರುಗಳೆಲ್ಲ ತಮಗೂ ಈ ಹಕ್ಕಿಗಳಿಗೂ ಇರುವ ನಂಟನ್ನು ತಿಳಿಯಬೇಕು.

ಮರದ ವಿಷಯದಲ್ಲೂ ಈಗಲೇ ಆಗಬೇಕಾದ ಕೆಲಸವಿದೆ. ಮುದಿ ಹುಣಸೆ ಉರುಳಿದರೆ ಹೆಜ್ಜಾರ್ಲೆಯ ಗೂಡು ತಾಳುವ ಇನ್ನೊಂದು ಮರ ಬೆಳೆಯಲು ಒಂದು ತಲೆಮಾರು ಬೇಕು. ಹುಣಸೆಯ ಜೊತೆಗೆ ಆಲ, ಬಸರಿ ಸಸಿಗಳನ್ನು ಊರಂಚಿನಲ್ಲಿ ನೆಟ್ಟು, ದನ ಮೇಯದಂತೆ ಕಾಯಬೇಕು. ಮರದ ಪರಿಹಾರವನ್ನು ಆಯಾ ವರ್ಷದ ಹುಣಸೆ ಧಾರಣೆಗೆ ತಕ್ಕಂತೆ ಕಟ್ಟಬೇಕು, ಪಕ್ಕದೂರಿನವರು ಹಣ್ಣು ಮಾರಿ ದುಡ್ಡು ಎಣಿಸುವ ದಿನಗಳಲ್ಲೇ ಅದು ಬೆಳ್ಳೂರಿನ ಮನೆಗಳಿಗೂ ತಲುಪಬೇಕು.