ವೇಲೆಯೂ ವೇಳೆಯೂ: ಕಡಲತಡಿಯ ಓಟದ ಬರಹಗಳನ್ನು ಕುರಿತು

ಕರಾವಳಿಯಲ್ಲಿ ಕಾಡಿಗೂ ಮರಳಿಗೂ ನಡುವೆ ಸಾಗುವ ಹಾದಿಗಳಲ್ಲಿ ಓಡಿಬಂದು, ಆ ಓಟವನ್ನು ವರ್ಣಿಸಿ ಬರೆಯುವ ಪದ್ಧತಿಯೊಂದು ಈಚೆಗೆ ನಮ್ಮ ತರುಣರಲ್ಲಿ ಬೆಳೆದುಬಂದಿದೆ. ಕಾರವಾರದ ಗಾಳಿಮರದ ತೋಪು, ಗೋಕರ್ಣದಿಂದ ಕುಡ್ಲೆ ಮತ್ತು ಓಂ ತೀರಗಳಿಗೆ ಗುಡ್ಡಗಳನ್ನು ಹತ್ತಿಳಿದು ಹೋಗುವ ಕಾಲುದಾರಿ, 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಹೊನ್ನಾವರದ ಕಾಸರಕೋಡಿನ ಮರಳದಂಡೆ, ಇವೇ ಅಂಥ ಬರಹಗಳಿಗೆ ವಸ್ತು. ಅರಸೀಕೆರೆ, ಬೇಲೂರು, ಹಳೇಬೀಡುಗಳಂಥ ಘಟ್ಟದ ಮೇಲಣ ಊರುಗಳವರೂ ರಜಾದಿನಗಳಲ್ಲಿ ಕೆಳಗಿಳಿದು ಹೋಗಿ, ಇಷ್ಟು ಕಿಲೋಮೀಟರುಗಳನ್ನು ಇಷ್ಟು ನಿಮಿಷಗಳಲ್ಲಿ ಮುಗಿಸಿದೆವೆಂದು ಬರೆಯುತ್ತಿರುವರು. ಹಿರಿಯರಲ್ಲಿ ಕೆಲವರು ಇದನ್ನು ಕಂಡು, ಓಡುವವನಿಗೆ ರಸವೆಲ್ಲಿಯದು, ಇಂಥ ಬರಹಕ್ಕೆ ಸಾಹಿತ್ಯಪತ್ರಿಕೆಯಲ್ಲಿ ಸ್ಥಳವುಂಟೆ, ಎಂದು ಆಕ್ಷೇಪಿಸುತ್ತಾರೆ. ಆಕ್ಷೇಪವು ವಿಚಾರಾರ್ಹವಾದುದು, ಆದರೆ ದೋಷವು ಅವರು ಬೆರಳಿಟ್ಟು ತೋರಿಸುವ ಕಡೆಯಲ್ಲಿಲ್ಲವೆಂದು ನನಗೆ ತೋರುತ್ತದೆ.

ಮೊದಲು ಒಂದು ಶಬ್ದವನ್ನು ವಿಚಾರಿಸೋಣ. ಸಂಸ್ಕೃತದ ‘ವೇಲಾ’ ಶಬ್ದಕ್ಕೆ ಅಮರಸಿಂಹನು ಕಡಲ ನೀರಿನ ವಿಕಾರ, ಕಾಲ, ಮೇರೆ ಎಂದು ಮೂರು ಅರ್ಥಗಳನ್ನು ಹೇಳಿರುವನು. ಏರಿಳಿಯುವ ನೀರೂ ವೇಲೆ. ನೀರು ದಾಟದ ದಡವೂ ವೇಲೆ. ನಾವು ದಿನವೂ ಬಳಸುವ ‘ವೇಳೆ’ ಎಂಬ ಮಾತೂ ಆ ಶಬ್ದದ ತದ್ಭವವೇ. ಕಡಲತಡಿಯ ಹಾದಿಯನ್ನು ಕುರಿತ ಯಾವ ಬರಹಕ್ಕೂ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ. ಮೂರು ಅರ್ಥಗಳಲ್ಲಿ ಎಷ್ಟು ಆ ಬರಹದಲ್ಲಿ ಬದುಕಿವೆಯೆಂದು ನೋಡಿದರೆ ಸಾಕು.

ಈ ಒರೆಗೆ ನಮ್ಮ ಪ್ರಾಚೀನ ಕಾವ್ಯಗಳನ್ನು ಹಚ್ಚಿದರೆ ಫಲವು ಅಷ್ಟು ಹಿತಕರವಾಗಿಲ್ಲ. ದಂಡಿಯು ಮಹಾಕಾವ್ಯಕ್ಕೆ ಹೇಳಿದ ವರ್ಣನಾಂಗಗಳಲ್ಲಿ ಅರ್ಣವವುಂಟು, ಶೈಲವುಂಟು, ಉದ್ಯಾನವುಂಟು. ಕಡಲೂ ಕಾಡೂ ಕೂಡುವ ತೀರಕ್ಕೆ ಬೇರೆ ಸ್ಥಾನವಿಲ್ಲ. ಹಾದಿಯು ಬರುವುದಾದರೆ ‘ಪ್ರಯಾಣ’ವೆಂಬ ಹೆಸರಿನಲ್ಲಿ, ಸೇನೆಯ ಧೂಳಿನೊಡನೆ ಬರುತ್ತದೆ. ವೀರಬಲ್ಲಾಳನ ಮಂತ್ರಿಯಾದ ಚಂದ್ರಮೌಳಿಯ ಆಶ್ರಯದಲ್ಲಿದ್ದ ರುದ್ರಭಟ್ಟನು ಜಗನ್ನಾಥವಿಜಯದಲ್ಲಿ ಕೃಷ್ಣನ ಕಥೆಯನ್ನು ಹೇಳಹೊರಟಾಗ ದ್ವಾರಕೆಯ ಕಡಲನ್ನು ಬಿಡುವಂತಿರಲಿಲ್ಲ. ಆದರೆ ಆ ಕವಿಯ ಆಶ್ರಯದಾತರ ರಾಜಧಾನಿ ದೋರಸಮುದ್ರ. ಅಲ್ಲಿಯ ಸಮುದ್ರವು ಒಂದು ಕೆರೆ! ಕಡಲು ಕಾಣದ ಸೀಮೆಯಲ್ಲಿ ಕಡಲನ್ನು ಬಣ್ಣಿಸುವವನಿಗೆ ಕವಿಸಮಯವೇ ದೋಣಿ.

ಕವಿಸಮಯವು ಹೀನವೆಂದು ನಾನು ಹೇಳುತ್ತಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಭಿತ್ತಿಯಲ್ಲಿ ಸಾಲುಗಟ್ಟಿ ನಿಂತ ಮಕರಗಳನ್ನು ನೋಡಿರಿ. ಅಂಥ ಜಲಚರವನ್ನು ಯಾವ ರೂವಾರಿಯೂ ಕಣ್ಣಾರೆ ಕಂಡವನಲ್ಲ. ಆದರೂ ಆ ಕಲ್ಲು ಜೀವಂತವಾಗಿದೆ. ಚಂದ್ರೋದಯದಲ್ಲಿ ಕಡಲು ಉಬ್ಬುವುದೆಂಬ ಕವಿಗಳ ಮಾತು ನಿಜವೂ ಹೌದು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತವು ಹೆಚ್ಚು ಎತ್ತರಕ್ಕೆ ಏರುತ್ತದೆ. ಸಂಪ್ರದಾಯವು ಕೊಡಲಾರದುದು ಒಂದೇ: ಆ ನೆಲದಲ್ಲಿ ಕಾಲನ್ನು ಎಲ್ಲಿಡಬೇಕೆಂಬ ತಿಳಿವು.

ಇನ್ನು ವೇಗದ ಮಾತು. ವೇಗವು ರಸಕ್ಕೆ ವಿರೋಧಿಯೆಂಬುದು ಪೂರ್ವಪಕ್ಷ. ಇದಕ್ಕೆ ಕಾಳಿದಾಸನಿಂದಲೇ ಸಮಾಧಾನವುಂಟು. ರಘುವಂಶದ 13ನೆಯ ಸರ್ಗದಲ್ಲಿ ರಾಮನು ಪುಷ್ಪಕದಲ್ಲಿ ಕುಳಿತು ಸೀತೆಗೆ ಕಡಲನ್ನು ತೋರಿಸುತ್ತಾನೆ. ದೂರದಿಂದ ವೇಲಾವನವು ತೆಳ್ಳನೆಯ ಕಪ್ಪು ಗೆರೆಯಂತೆ ಕಾಣುತ್ತದೆ. ವಿಮಾನವೇಗದಿಂದ ಮುಹೂರ್ತಮಾತ್ರದಲ್ಲಿ ದಡ ಬರುತ್ತದೆ. ಮರಳಲ್ಲಿ ಒಡೆದ ಚಿಪ್ಪುಗಳ ಮುತ್ತುಗಳು, ಫಲಭಾರದಿಂದ ಬಾಗಿದ ಅಡಕೆಯ ಸಾಲುಗಳು ಕಾಣುತ್ತವೆ. ಹಿಂದಿರುಗಿ ನೋಡಿದರೆ, ದೂರ ಸರಿಯುವ ಕಡಲೊಳಗಿನಿಂದ ಕಾಡುಸಹಿತವಾದ ಭೂಮಿಯೇ ಹೊರಬರುತ್ತಿರುವಂತೆ ತೋರುತ್ತದೆ. ಈ ಕೊನೆಯ ದರ್ಶನವು ನಿಂತು ನೋಡುವವನಿಗೆ ಎಂದಿಗೂ ಲಭಿಸದು. ಅದು ವೇಗದ ಕೊಡುಗೆ. ಹೀಗಿರಲು, ಓಡುತ್ತಾನೆಂಬ ಕಾರಣದಿಂದಲೇ ಒಬ್ಬನನ್ನು ಅರಸಿಕನೆನ್ನುವುದು ನ್ಯಾಯವಲ್ಲ. ರಾಮನು ಹಿಂದಿರುಗಿ ನೋಡಿದನು, ಜೊತೆಯವಳಿಗೂ ತೋರಿಸಿದನು; ಮರ್ಮವಿರುವುದು ಅಲ್ಲಿ.

ಆಕಾಶದಿಂದ ಕಂಡ ತೀರವು ಹೀಗಾದರೆ, ಕಾಲ್ನಡೆಯಲ್ಲಿ ಕಂಡ ತೀರಕ್ಕೆ ಉದಾಹರಣೆಯು ನಮ್ಮ ಕಾರವಾರದಲ್ಲಿಯೇ ಇದೆ. 1880ರ ದಶಕದ ಮೊದಲಲ್ಲಿ ರವೀಂದ್ರನಾಥ ಠಾಕೂರರು, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಕೆಲಕಾಲ ತಂಗಿದ್ದರು. 1912ರಲ್ಲಿ ಪ್ರಕಟವಾದ ‘ಜೀವನಸ್ಮೃತಿ’ಯಲ್ಲಿ ಅರ್ಧಚಂದ್ರಾಕಾರದ ಆ ದಂಡೆಯನ್ನೂ, ಮರಳಿನ ಅಂಚಿನ ಗಾಳಿಮರಗಳನ್ನೂ, ದೋಣಿಯಲ್ಲಿ ಕಾಳೀನದಿಯ ಮೇಲೆ ಹೋಗಿ ಬೆಳುದಿಂಗಳಲ್ಲಿ ಮರಳ ಮೇಲೆ ನಡೆದು ಮನೆಗೆ ಬಂದುದನ್ನೂ ಅವರು ಸ್ಮರಿಸಿದ್ದಾರೆ. ಆ ರಾತ್ರಿ ಸದಾ ಮರ್ಮರಿಸುವ ಗಾಳಿಮರಗಳೂ ನಿಶ್ಶಬ್ದವಾಗಿದ್ದುವಂತೆ. ಕಿವಿಗೊಟ್ಟು ನಡೆದವನಿಗೆ ಮಾತ್ರ ಸದ್ದಿಲ್ಲದಿರುವುದೂ ಕೇಳಿಸುತ್ತದೆ. ಕಾರವಾರದಲ್ಲಿ ಬರೆದು 1884ರಲ್ಲಿ ಪ್ರಕಟಿಸಿದ ‘ಪ್ರಕೃತಿರ್ ಪ್ರತಿಶೋಧ’ ನಾಟಕದ ಸನ್ಯಾಸಿಯು ಎಲ್ಲ ಬಂಧಗಳನ್ನೂ ಕಡಿದು ಅನಂತವನ್ನು ಹಿಡಿಯಹೊರಟು, ಕೊನೆಗೆ ಒಂದು ಪುಟ್ಟ ಹುಡುಗಿಯ ಸ್ನೇಹದಿಂದ ಲೋಕಕ್ಕೆ ಮರಳುತ್ತಾನೆ. ಮೇರೆಯೊಳಗೇ ಅಮೇಯವನ್ನು ಕಾಣುವ ಆ ಭಾವವು ಕಡಲತಡಿಯಲ್ಲಿ ಮೂಡಿದುದು ಆಶ್ಚರ್ಯವಲ್ಲ.

ಇಲ್ಲಿ ಇನ್ನೊಂದು ಸಂಗತಿ. ಗಾಳಿಮರವು ಪರದೇಶದಿಂದ ಬಂದುದು. ಕಾರವಾರದಲ್ಲಿ ಅದನ್ನು ಸೌದೆಗಾಗಿ ನೆಡತೊಡಗಿದುದು 1868ರ ಸುಮಾರಿನಲ್ಲಿ. ಎಂದರೆ 1861ರಲ್ಲಿ ಹುಟ್ಟಿದ ಕವಿಗಿಂತ ಆ ವನವು ಚಿಕ್ಕದು! ನಮ್ಮ ಓಟಗಾರರು ಅದನ್ನು ‘ಅನಾದಿ ಅರಣ್ಯ’ವೆಂದು ಬರೆಯುವಾಗ ವೇಲೆಯ ಎರಡನೆಯ ಅರ್ಥವಾದ ಕಾಲವನ್ನೇ ಮರೆತಿರುತ್ತಾರೆ. ಕೈಯ ಗಡಿಯಾರದಲ್ಲಿ ಕ್ಷಣಗಳನ್ನು ಎಣಿಸುವವರು ಮರದ ವಯಸ್ಸನ್ನು ಕೇಳುವುದಿಲ್ಲ.

ಮೂರನೆಯ ಬಗೆ, ಅಲ್ಲಿಯೇ ಬಾಳುವವರದು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲಿಗೂ ಹೊಳೆಗೂ ನಡುವಿನ ಕೋಡಿಯೆಂಬ ಹಳ್ಳಿಯಲ್ಲಿ ಮೂರು ತಲೆಮಾರು ಬಾಳುತ್ತದೆ. ಅಲ್ಲಿಯ ಹೆಂಗಸರಿಗೆ ತೀರವು ನೋಟವಲ್ಲ, ದುಡಿಮೆ. ಕಡಲು ಅವರ ಪಾಲಿಗೆ ಮನೆಯ ಹಿರಿಯನಂತೆ. ಸದಾ ಕಿವಿಯಲ್ಲಿದೆ, ವರ್ಣನೆಗೆ ಪುರಸತ್ತಿಲ್ಲ. ನಮ್ಮ ಗದ್ಯದಲ್ಲಿ ಮೂರು ಅರ್ಥಗಳ ವೇಲೆಯೂ ಒಟ್ಟಿಗೆ ಬದುಕಿರುವ ಗ್ರಂಥವನ್ನು ಹೆಸರಿಸಬೇಕಾದರೆ ನಾನು ಇದನ್ನೇ ಹೆಸರಿಸುವೆನು.

ಈಗ ಓಟದ ಬರಹಗಳಿಗೆ ಬರೋಣ. ಅವುಗಳಲ್ಲಿ ಪೂರ್ವಕವಿಗಳಿಗೆ ಇಲ್ಲದ ಒಂದು ಜ್ಞಾನವುಂಟು. ಒಣಮರಳಿನಲ್ಲಿ ಹೆಜ್ಜೆ ಹೂಳುವುದು, ಇಳಿತದ ನೀರು ಬಿಟ್ಟುಹೋದ ಒದ್ದೆಮರಳು ಗಟ್ಟಿಯಾಗಿರುವುದು, ದಂಡೆಯ ಇಳಿಜಾರಿನಲ್ಲಿ ಒಂದು ಕಾಲಿಗೆ ಮಾತ್ರ ಆಯಾಸ ಹೆಚ್ಚುವುದು, ಗಾಳಿಮರದ ಉದುರುಸೂಜಿಗಳ ಮೇಲೆ ಪಾದದ ಸದ್ದೇ ಅಡಗುವುದು, ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ನಿನ್ನೆಯ ಹಾದಿ ಇಂದು ಅದೇ ಹೊತ್ತಿಗೆ ಇರಲಾರದೆಂಬುದು, ಇವು ಅಂಗಾಲಿನ ಅನುಭವಗಳು. ಇಂಥ ನಾಲ್ಕು ವಾಕ್ಯಗಳು ಸಾಂಪ್ರದಾಯಿಕ ಸಮುದ್ರವರ್ಣನೆಯ ನಲವತ್ತು ಪದ್ಯಗಳಿಗೆ ಸಮವೆಂದು ನಾನು ಸಂಕೋಚವಿಲ್ಲದೆ ಹೇಳುವೆನು.

ಆದರೆ ಬರಹಗಾರರು ಇವನ್ನು ಒಂದೆರಡು ವಾಕ್ಯಗಳಲ್ಲಿ ದಾಟಿ, ಉಳಿದುದನ್ನೆಲ್ಲ ತಮ್ಮ ಉಸಿರಿಗೂ ಗಡಿಯಾರಕ್ಕೂ ಮೀಸಲಿಡುತ್ತಾರೆ. ಮೇರೆಯೆಂಬ ಮೂರನೆಯ ಅರ್ಥವಂತೂ ಪೂರಾ ಲುಪ್ತವಾಗಿದೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಯು ಉತ್ತರಕನ್ನಡದ ಮರಳನ್ನೇರಿ, ಭರತವು ಮುಟ್ಟದ ಎತ್ತರದಲ್ಲಿ ಕುಳಿ ತೋಡಿ ನೂರರಷ್ಟು ಮೊಟ್ಟೆಗಳನ್ನಿಡುತ್ತದೆ. ಸುಮಾರು 50 ದಿನಗಳಿಗೆ ಮರಿಗಳು ಹೊರಬಂದು, ನೀರಿನ ಕಡೆಯ ಬೆಳಕನ್ನೇ ಗುರುತಾಗಿ ಹಿಡಿದು ಕಡಲಿಗೆ ಹರಿಯುತ್ತವೆ. ನಸುಕಿಗೆ ಮುಂಚೆ ಹಣೆಗೆ ದೀಪ ಕಟ್ಟಿಕೊಂಡು ಓಡುವವನು ಆ ಮರಿಗಳಿಗೆ ಸುಳ್ಳು ಕಡಲನ್ನು ತೋರಿಸಿದಂತಾಗುವುದು. ಹಗಲಿನಲ್ಲಿ ಅದೇ ಮರಳು ಮೀನು ಒಣಗಿಸುವ ಹೆಂಗಸರ ಕಣ. ಇವರಾರೂ ಕಾಣಿಸಿಕೊಳ್ಳದ ಬರಹದಲ್ಲಿ ತೀರವಿಲ್ಲ, ಬಯಲೊಂದಿದೆ, ಅಷ್ಟೆ.

ಹಾಗಾದರೆ ಹೇಗೆ ಬರೆಯಬೇಕು? ಇದಕ್ಕೆ ನಮ್ಮ ನೆರೆಯ ದೇವನೂರಿನ ಲಕ್ಷ್ಮೀಶನನ್ನು ಕೇಳಬಹುದು. ಜೈಮಿನಿಭಾರತವು ಮೊದಲಿನಿಂದ ಕೊನೆಯವರೆಗೆ ಒಂದು ಓಟದ ಕಥೆ. ಯಜ್ಞದ ಕುದುರೆ ಓಡುತ್ತದೆ, ಪಾರ್ಥನು ಬೆನ್ನಟ್ಟುತ್ತಾನೆ. ಕುದುರೆ ಎಷ್ಟು ಯೋಜನ ಓಡಿತೆಂಬ ಲೆಕ್ಕವನ್ನು ಯಾವ ರಸಿಕನು ನೆನಪಿಟ್ಟಿದ್ದಾನೆ? ಕುದುರೆ ಬಂಡೆಗೆ ಅಂಟಿ ನಿಂತಾಗ ಚಂಡಿಯ ಕಥೆ ಹುಟ್ಟಿತು. ಅದನ್ನು ಕಟ್ಟಿಹಾಕಿದ ಊರುಗಳಲ್ಲಿ ಸುಧನ್ವನೂ ಬಭ್ರುವಾಹನನೂ ಎದುರಾದರು. ಓಟವು ತಡೆದು ನಿಂತ ಎಡೆಗಳೇ ಆ ಕಾವ್ಯದ ಸಂಧಿಗಳು.

ಕಡಲತಡಿಯಲ್ಲಿ ಓಡುವ ನಮ್ಮ ಮಕ್ಕಳು ಓಡಲಿ. ದೇಹಕ್ಕೂ ಮನಸ್ಸಿಗೂ ಅದು ಆರೋಗ್ಯಕರವಾದುದೇ. ಹೊರಡುವ ಮುನ್ನ ಪಂಚಾಂಗದಲ್ಲಿ ತಿಥಿಯನ್ನು ನೋಡಿಕೊಳ್ಳಲಿ; ಆಮೆಯ ಗೂಡಿಗೆ ಅರಣ್ಯದವರು ಹಾಕಿದ ಬೇಲಿಯ ಬಳಿ ಸುತ್ತುಬಳಸಿ ಹೋಗಲಿ. ಮನೆಗೆ ಬಂದು ಬರೆಯಲು ಕುಳಿತಾಗ ಆ ಸುತ್ತುಬಳಸಿನಿಂದಲೇ ಮೊದಲುಮಾಡಲಿ. ಅಂಥ ಲೇಖನವೊಂದು ಈ ಪತ್ರಿಕೆಗೆ ಬಂದರೆ, ಅದಕ್ಕೆ ಸ್ಥಳವುಂಟೆ ಎಂಬ ಪ್ರಶ್ನೆಯನ್ನು ಯಾವ ಹಿರಿಯರೂ ಎತ್ತಲಾರರು.